ಕೆಂಚನಹುಂಡಿಯ ಕಡಲ ನೈದಿಲೆ

ರಾಚಮ್ಮನ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ಕೊನೆಯವರೆಗೆ ಓದಿದವರು ‘ಹೌದು ಕಣಯ್ಯಾ, ನಿನಗಿಲ್ಲ’ ಎಂದು ತಾವೇ ಒಪ್ಪುತ್ತಾರೆ. ಆದರೆ ನಾನು ಬರೆಯದಿದ್ದರೆ ಆಕೆಯ ಬಗ್ಗೆ ಬರೆಯುವವರು ಬೇರೆ ಯಾರಿದ್ದಾರೆ? ಅಕ್ಷರ ಬಲ್ಲವರ ಪೈಕಿ ಆಕೆಯನ್ನು ಬಲ್ಲವನು ನಾನೊಬ್ಬನೇ. ಆಕೆಗೆ ಕೆಟ್ಟದ್ದು ಮಾಡಿದವನೂ ನಾನೊಬ್ಬನೇ.

ನನ್ನ ಹೆಸರು ನಂಜುಂಡಸ್ವಾಮಿ, ಊರು ಹುಣಸೂರು. ಮೈಸೂರಿನ ಒಂದು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದೆ. ಕಚೇರಿಯ ಹೆಸರು ಹೇಳುವುದಿಲ್ಲ. ತಪ್ಪು ಕಚೇರಿಯದಲ್ಲ, ನನ್ನದು. ಸಂಸ್ಥಾನದ ಬೆಟ್ಟಗುಡ್ಡಗಳನ್ನು ಸುತ್ತಿ ಎಲ್ಲೆಲ್ಲಿ ಯಾವ ಯಾವ ಕಲ್ಲಿದೆ ಎಂದು ನೋಡಿ ಬರೆದಿಡುವುದು ಅಲ್ಲಿಯ ಕೆಲಸ. ನೋಡುವವರು ನಮ್ಮ ಸಾಹೇಬರು ಸುಬ್ಬನರಸಿಂಹಯ್ಯನವರು. ಬರೆಯುವವನು ನಾನು. ಅವರು ಕಂಡದ್ದನ್ನು ಮಾತ್ರ ಹೇಳುತ್ತಿದ್ದರು. ನಾನು ಕೇಳದೆ ಇದ್ದದ್ದನ್ನೂ ಬರೆದೆ. ಅಲ್ಲಿಂದ ಶುರುವಾಯಿತು ಎಲ್ಲ.

ಮೊದಲು ರಾಚಮ್ಮನ ವಿಷಯ ಹೇಳಿಬಿಡುತ್ತೇನೆ.

ಹೆಗ್ಗಡದೇವನಕೋಟೆಯಿಂದ ಬೀಚನಹಳ್ಳಿಗೆ ಹೋಗುವ ದಾರಿಯಲ್ಲಿ, ಹೊಳೆಯ ಬದಿಗೆ ಇಳಿದರೆ ಕೆಂಚನಹುಂಡಿ ಎಂಬ ಇಪ್ಪತ್ತು ಮನೆಯ ಊರಿದೆ. ಅಲ್ಲಿಯವರಿಗೆ ಸ್ವಂತ ಹೊಲವೆಂದರೆ ಅಷ್ಟಕ್ಕಷ್ಟೆ. ಸುಗ್ಗಿ ಮುಗಿದ ಮೇಲೆ ಗುಂಪು ಕಟ್ಟಿಕೊಂಡು ಕೂಲಿಗೆ ಹೊರಡುತ್ತಿದ್ದರು. ಕೊಡಗಿನ ಕಾಫಿ ತೋಟಕ್ಕೆ ಕೆಲವರು, ನೀಲಗಿರಿಯ ಚಹಾ ತೋಟಕ್ಕೆ ಕೆಲವರು, ಕೋಲಾರದ ಚಿನ್ನದ ಗಣಿಗೆ ಹೋದವರೂ ಇದ್ದರು. ರಾಚಮ್ಮ ಹುಟ್ಟಿದ್ದೂ ಆ ಊರಲ್ಲೇ, ಕೊಟ್ಟದ್ದೂ ಆ ಊರಿಗೇ. ಸೋದರಮಾವನ ಮಗ ಮರಿಯಯ್ಯನಿಗೆ. ಮರಿಯಯ್ಯ ಮಣ್ಣು ಅಗೆಯುವುದರಲ್ಲಿ ಗಟ್ಟಿಗ. ಅವನು ಅಗೆದು ಕೊಟ್ಟ ಮಣ್ಣನ್ನು ಇವಳು ಮಂಕರಿಯಲ್ಲಿ ಹೊತ್ತು ಹಾಕುವಳು. “ನಾವಿಬ್ರೂ ಒಂದು ಸಲವೂ ಬ್ಯಾರೆ ಬ್ಯಾರೆ ಗುಂಡಿಗೆ ಓಗಿಲ್ಲ ಬುದ್ದಿ” ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಒಂದು ವರ್ಷ ಮೇಸ್ತ್ರಿಯೊಬ್ಬ ಬಂದು ಇವರ ಗುಂಪನ್ನು ತಿರುಚಿನಾಪಳ್ಳಿ ಕಡೆಗೆ ಕರೆದುಕೊಂಡು ಹೋದ. ಅಲ್ಲಿ ಹೊಸದಾಗಿ ರೈಲು ದಾರಿ ಹಾಕುತ್ತಿದ್ದರು. ಬಿಳಿ ಮಣ್ಣಿನ ಬಟಾಬಯಲು, ಭಾಷೆ ಬಾರದು, ನೀರು ಸರಿಯಿಲ್ಲ. ಮೂರನೆಯ ತಿಂಗಳು ವಾಂತಿಭೇದಿ ಬಂತು. ಮರಿಯಯ್ಯ ಬೆಳಿಗ್ಗೆ ಗುದ್ದಲಿ ಹಿಡಿದವನು ಸಂಜೆಗೆ ಇರಲಿಲ್ಲ. ಅವನು ಆವತ್ತು ಅಗೆಯುತ್ತಿದ್ದ ಗುಂಡಿಯ ಪಕ್ಕದಲ್ಲೇ ಹೂತರು. ರಾಚಮ್ಮ ಆ ಗುಂಡಿಯಿಂದ ತೆಗೆದ ಕಲ್ಲುಗಳಲ್ಲಿ ಒಂದನ್ನು ಆರಿಸಿ ಸೊಂಟಕ್ಕೆ ಕಟ್ಟಿಕೊಂಡಳು. ಹಿಡಿಗಾತ್ರದ ಬೂದು ಕಲ್ಲು, ಅದರ ಮೈಯಲ್ಲಿ ಐದೈದು ಎಸಳಿನ ಪುಟ್ಟ ಪುಟ್ಟ ಹೂವಿನ ಬಿಲ್ಲೆಗಳು. ಹೂವಿದೆಯೆಂದು ಆರಿಸಿದಳಂತೆ.

ಕಲ್ಲು ಯಾಕೆ ಎಂದರೆ, ಕೆಂಚನಹುಂಡಿಯ ಪದ್ಧತಿ ಅದು. ಊರ ಬಾಗಿಲಲ್ಲಿ ಹುಣಸೇ ಮರದ ಕೆಳಗೆ ಗುಡ್ಡೆ ಮಾರಮ್ಮ ಎಂಬ ದೇವತೆ ಇದ್ದಾಳೆ. ಗುಡಿಯಿಲ್ಲ, ಮೂರ್ತಿಯಿಲ್ಲ, ಬರೀ ಕಲ್ಲಿನ ಗುಡ್ಡೆ. ಪರ ಊರಿಗೆ ದುಡಿಯಲು ಹೋದವರು ಆ ಊರಿನ ಒಂದು ಕಲ್ಲು ತಂದು ಗುಡ್ಡೆಗೆ ಹಾಕಿದ ಮೇಲೆಯೇ ತಮ್ಮ ಮನೆಯ ಹೊಸ್ತಿಲು ದಾಟಬೇಕು. ಹೋದವರು ಅಲ್ಲೇ ತೀರಿಕೊಂಡರೆ ಜತೆಯವರು ತೀರಿಕೊಂಡ ಜಾಗದ ಕಲ್ಲು ತರಬೇಕು. ಅದು ಬಂದು ಗುಡ್ಡೆ ಸೇರಿದರೆ ಆ ಮನುಷ್ಯ ಊರಿಗೆ ಬಂದ ಹಾಗೆ. ಮಾರ್ಲಾಮಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಹೊರಗೆ ಸತ್ತವರಿಗೆ ಆ ಎಡೆಯನ್ನು ಗುಡ್ಡೆಯಲ್ಲಿ ಅವರವರ ಕಲ್ಲಿನ ಮುಂದೆ ಇಡಬೇಕು. ರಾಚಮ್ಮ ಐದು ವರ್ಷ ಹಾಗೆ ಇಟ್ಟಳು.

ಆರನೆಯ ವರ್ಷ ನಾವು ಬಂದೆವು.

ಇಸವಿ ಸಾವಿರದ ಒಂಬೈನೂರ ಮೂವತ್ತೊಂದು. ಹೆಗ್ಗಡದೇವನಕೋಟೆಯ ಮುಸಾಫಿರಖಾನೆಯಲ್ಲಿ ನಮ್ಮ ಬಿಡಾರ. ಒಂದು ದಿನ ಮಟಮಟ ಮಧ್ಯಾಹ್ನ ಕೆಂಚನಹುಂಡಿಯ ಮೇಲೆ ಹಾಯುತ್ತಿದ್ದಾಗ ಸಾಹೇಬರು ಹುಣಸೇ ಮರದ ನೆರಳಿಗೆಂದು ನಿಂತರು. ಕಲ್ಲು ಕಂಡರೆ ಕೈ ಸುಮ್ಮನಿರದ ಮನುಷ್ಯ. ಗುಡ್ಡೆಯ ಕಡೆ ಬಗ್ಗಿ ನೋಡಿದವರು ಹಾಗೇ ಮಂಡಿಯೂರಿ ಕುಳಿತುಬಿಟ್ಟರು. ಮಸೂರ ತೆಗೆದು ನೋಡಿದರು, ಒರೆಸಿ ಮತ್ತೆ ನೋಡಿದರು.

“ನಂಜುಂಡಸ್ವಾಮಿ, ಈ ಗುಡ್ಡೆ ಕಲ್ಲೆಲ್ಲ ಎಲ್ಲೀದು? ಊರವರನ್ನ ಕೇಳಿಕೊಂಡು ಬಾ. ಇದೊಂದನ್ನ ತಗೊಂಡು ಹೋಗಬಹುದಾ, ಅದನ್ನೂ ಕೇಳು” ಎಂದರು.

ನಾನು ಊರ ಕಡೆ ಹೊರಟೆ. ಬಿಸಿಲೆಂದರೆ ಬಿಸಿಲು. ಗಂಡಸರೆಲ್ಲ ಕೂಲಿಗೆ ಹೋಗಿದ್ದರು. ದೂರದ ಜಗಲಿಯಲ್ಲಿ ಒಂದು ಮುದುಕಿ ಅವರೆಕಾಯಿ ಸುಲಿಯುತ್ತ ಕುಳಿತಿತ್ತು. ಹೊಟ್ಟೆ ಹಸಿದಿತ್ತು, ಮುಸಾಫಿರಖಾನೆಯಲ್ಲಿ ಅಡಿಗೆಯವನು ಹುಳಿ ಮಾಡಿಟ್ಟು ಕಾಯುತ್ತಿದ್ದ. ಇವಳನ್ನು ಏನು ಕೇಳುವುದು, ಇವಳಿಗೆ ಏನು ಗೊತ್ತಿರುತ್ತದೆ ಎಂದುಕೊಂಡೆ. ನಮ್ಮ ಹುಣಸೂರಿನ ಸುತ್ತಲೂ ಕಲ್ಲಿನ ಗುಡ್ಡೆಯ ದೇವರಿದ್ದಾವೆ. ಅಲ್ಲೆಲ್ಲ ಉಳುವಾಗ ನೇಗಿಲಿಗೆ ಸಿಕ್ಕ ಕಲ್ಲನ್ನು ತಂದು ಹಾಕುತ್ತಾರೆ. ಇಲ್ಲೂ ಅದೇ ಇರಬೇಕು, ಮತ್ತೇನು? ಬೇಲಿಯ ಮರೆಗೆ ಹೋದೆ, ಒಂದಕ್ಕೆ ಕುಳಿತು ಎದ್ದೆ, ವಾಪಸು ಬಂದೆ. ನಾನು ಊರವರನ್ನು ಕೇಳಿದ್ದು ಇಷ್ಟೇ.

“ಅಕ್ಕಪಕ್ಕದ ಹೊಲದ ಕಲ್ಲಂತೆ ಸಾರ್. ತಗೊಂಡು ಹೋಗಬಹುದಂತೆ” ಎಂದೆ.

ಅಲ್ಲೇ ನಿಂತು ಪುಸ್ತಕದಲ್ಲಿ ಬರೆದೂ ಬಿಟ್ಟೆ: ‘ಸ್ಥಳೀಯ ಹೊಲಗಳಿಂದ ಬಂದ ಕಲ್ಲು ಎಂದು ಗ್ರಾಮಸ್ಥರ ಹೇಳಿಕೆ.’ ಅಕ್ಷರ ಮುತ್ತಿನ ಹಾಗಿದೆ. ನನ್ನ ಮೂತಿಗಿಷ್ಟು!

ಆವತ್ತು ಸಾಯಂಕಾಲ ಸಾಹೇಬರು ಊಟವನ್ನೂ ಮರೆತು ಆ ಕಲ್ಲನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನನ್ನು ಕರೆದರು.

“ನೋಡಯ್ಯಾ, ಹೂವು ಅಂದ್ಕೋಬೇಡ. ಇದು ಪ್ರಾಣಿ. ಸೀ ಲಿಲಿ ಅಂತಾರೆ ಇಂಗ್ಲಿಷಿನಲ್ಲಿ. ನಾನು ಕಡಲ ನೈದಿಲೆ ಅಂತ ಕರೀತೀನಿ. ಸಮುದ್ರದ ತಳಕ್ಕೆ ಬೇರು ಬಿಟ್ಟು, ಉದ್ದ ದಂಟು ಬೆಳೆಸಿ, ಮೇಲೆ ಕೈಗಳನ್ನ ಹರಡಿಕೊಂಡು, ನೀರು ತಂದುಕೊಟ್ಟದ್ದನ್ನ ತಿಂದುಕೊಂಡು ನಿಂತಿರ್ತದೆ. ಈ ಬಿಲ್ಲೆಗಳೆಲ್ಲ ಅದರ ದಂಟಿನ ಮಣಿಗಳು. ಸತ್ತರೆ ದಾರ ಹರಿದ ಸರದ ಹಾಗೆ ಚೆಲ್ಲಿಹೋಗ್ತವೆ.”

“ಯಾವ ಕಾಲದ್ದು ಸಾರ್?”

“ಈ ಕುಲ ಹುಟ್ಟಿ ನಲವತ್ತು ಐವತ್ತು ಕೋಟಿ ವರ್ಷವಾಗಿರಬೇಕು. ಒಂದು ಕಾಲಕ್ಕೆ ಸಮುದ್ರದ ತಳವೆಲ್ಲ ಇವೇ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಇವುಗಳ ಮಣಿಯಿಂದಲೇ ಆದ ಬೆಟ್ಟಗಳಿವೆ. ಆಮೇಲೆ ಏನೋ ಒಂದು ದೊಡ್ಡ ಮಾರಿ ಬಂತು, ಕುಲಕ್ಕೆ ಕುಲವೇ ಹೋಯ್ತು. ಎಲ್ಲೋ ಒಂದೆರಡು ಮನೆ ಉಳಿದಿರಬೇಕು. ಅವುಗಳ ಸಂತಾನವೇ ಈ ಐದು ಮೂಲೆಯ ದಂಟಿನವು. ಮತ್ತೆ ಲೋಕವೆಲ್ಲ ಹರಡಿದವು. ಕೆಲವು ದಂಟನ್ನೇ ಕಳಚಿ ಹಾಕಿ ಈಜೋದಕ್ಕೂ ಕಲಿತವು. ಇವತ್ತಿಗೂ ಆಳದ ಸಮುದ್ರದಲ್ಲಿ ಇದ್ದಾವೆ ಕಣಯ್ಯಾ!”

“ಬೇರು ಬಿಟ್ಟು ನಿಂತದ್ದು ದೇಶದೇಶಕ್ಕೆ ಹರಡೋದು ಹೇಗೆ ಸಾರ್?” ಎಂದು ನಾನು ಕೇಳಿದೆ. ಹುಲ್ಲುಕಡ್ಡಿಯಷ್ಟು ಬುದ್ಧಿ ನನಗೂ ಇತ್ತು.

“ಭೇಷ್! ಮರಿಯಾಗಿದ್ದಾಗ ಮಾತ್ರ ಅಲೀತದೆ. ನೀರು ಎಲ್ಲಿಗೆ ಕರೆದರೆ ಅಲ್ಲಿಗೆ. ಒಂದು ಕಡೆ ಕಾಲೂರಿತು ಅಂದ್ರೆ ಮುಗೀತು, ಸಾಯೋವರೆಗೆ ಅಲ್ಲೇ. ಈಗ ಕೇಳು, ಮೈಸೂರು ಸೀಮೆಗೆ ಸಮುದ್ರವೇ ಬಂದಿರಲಿಲ್ಲ, ಇಲ್ಲಿ ಬರೀ ಹಳೇ ಕಗ್ಗಲ್ಲು ಅಂತ ಎಲ್ಲರೂ ಬರೆದಿದ್ದಾರೆ. ಕಡಲ ನೈದಿಲೆ ಕೆಂಚನಹುಂಡಿ ಹೊಲದಲ್ಲಿ ಸಿಕ್ತು ಅಂದ್ರೆ ಸಮುದ್ರ ಇಲ್ಲೀವರೆಗೆ ಬಂದಿತ್ತು ಅಂತ ಅರ್ಥ. ನಕ್ಷೆಯನ್ನೇ ಬದಲಾಯಿಸಬೇಕು. ತಿಳೀತಾ?”

ನನಗೆ ತಿಳಿಯಿತು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ನೋಡಿರಲಿಲ್ಲ. ಆ ಸಂತೋಷ ನಿಂತಿದ್ದದ್ದು ನಾನು ಬರೆದ ಒಂದು ಸಾಲಿನ ಮೇಲೆ ಎಂದೂ ತಿಳಿಯಿತು. ಹೋಗಲಿ ಬಿಡು, ಹೊಲದ ಕಲ್ಲೇ ಇರುತ್ತದೆ ಎಂದುಕೊಂಡು ಹೋಗಿ ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ರಾಚಮ್ಮ ಬಂದಳು. ಎರಡು ಹರದಾರಿ ನಡೆದು ಬಂದಿದ್ದಳು. ಕಪ್ಪಗೆ, ಎತ್ತರಕ್ಕೆ, ಮೂವತ್ತು ದಾಟಿರದ ಹೆಂಗಸು. ಸಾಹೇಬರು ಆಗಲೇ ಹೊಳೆಯ ಕಡೆ ಹೋಗಿದ್ದರು. ಆಕೆ ಮೆಟ್ಟಿಲ ಕೆಳಗೆ ನಿಂತಳು.

“ಬುದ್ದಿ, ನೆನ್ನೆ ನಮ್ಮ ಗುಡ್ಡೆಯಿಂದ ಒಂದು ಕಲ್ಲ ತಕ್ಕಂಡು ಬಂದ್ರಂತೆ. ಊವಿನ ಗುರ್ತು ಇರೋದು. ಅದು ನಮ್ಮನೆಯೋರು ಬುದ್ದಿ.”

“ನಿಮ್ಮ ಮನೆಯವರು ತಂದು ಹಾಕಿದ್ದಾ?”

“ತಂದೋಳು ನಾನು. ಅದೇ ನಮ್ಮನೆಯೋರು. ತಿರುಚಿನಾಪಳ್ಳಿ ತಾವ ರೈಲು ಕೆಲ್ಸಕ್ಕೋದಾಗ ತೀರೋದ್ರು. ಅವ್ರ ಮಣ್ಣು ಮಾಡಿದ ತಾವಿಂದ ಕಟ್ಕಂಡು ಬಂದೆ.”

ನಿಧಾನವಾಗಿ ಕೇಳುತ್ತಾ ಹೋದೆ. ಗುಡ್ಡೆಯ ಪದ್ಧತಿ, ಕೊಡಗಿನ ಕಲ್ಲು, ಕೋಲಾರದ ಕಲ್ಲು, ಎಡೆ, ಎಲ್ಲವನ್ನೂ ಹೇಳಿದಳು. ಹಿಂದಿನ ದಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಆಕೆಯ ಅತ್ತೆ ಚಿಕ್ಕಸಿದ್ದಮ್ಮ. ಮಗನ ಕಲ್ಲನ್ನು ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವಳು. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆಗಲಾದರೂ ಏನು ಮಾಡಬೇಕಿತ್ತು? ಹೊಳೆಯ ಕಡೆ ಓಡಿಹೋಗಿ, ‘ಸಾರ್, ನಾನು ಕೇಳಲೇ ಇಲ್ಲ, ಸುಳ್ಳು ಬರೆದೆ, ಇದು ತಿರುಚಿನಾಪಳ್ಳಿಯ ಕಲ್ಲು’ ಎನ್ನಬೇಕಿತ್ತು. ಹೇಳಿದ್ದರೆ ಸಾಹೇಬರು ಒಂದು ದಿನ ಪೆಚ್ಚಾಗಿರುತ್ತಿದ್ದರು, ಕಲ್ಲು ಗುಡ್ಡೆಗೆ ಹೋಗುತ್ತಿತ್ತು. ಆದರೆ ಸುಳ್ಳು ಹೇಳಿಕೆ ಬರೆದ ಗುಮಾಸ್ತನನ್ನು ಮನೆಗೆ ಕಳಿಸುತ್ತಾರೆ ಎಂಬ ಭಯ ನನಗೆ. ಆಗ ತಾನೇ ಕೆಲಸ ಕಾಯಂ ಆಗಿತ್ತು.

“ದೊಡ್ಡ ಸಾಹೇಬರು ನೋಡೋದಕ್ಕೆ ತಗೊಂಡಿದ್ದಾರೆ ಕಣಮ್ಮ. ನೋಡಿ ಆದಮೇಲೆ ನಾನೇ ತಂದುಕೊಡ್ತೀನಿ. ನೀನು ಅವರ ಹತ್ತಿರ ಮಾತಾಡೋಕೆ ಹೋಗಬೇಡ, ಸಿಟ್ಟು ಮಾಡ್ತಾರೆ” ಎಂದೆ.

ಸಾಹೇಬರಿಗೆ ಸಿಟ್ಟು ಬಂದದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ.

“ಮಾರ್ಲಾಮಿ ಒತ್ಗೆ ಬತ್ತದಾ ಬುದ್ದಿ?”

“ಬರುತ್ತೆ, ಬರುತ್ತೆ.”

ಆಕೆ ನಂಬಿ ಹೋದಳು.

ಮೈಸೂರಿಗೆ ಬಂದ ಮೇಲೆ ಆ ಕಲ್ಲನ್ನು ಗರಗಸದಿಂದ ಕೊಯ್ದರು. ಹೀಗೆ ಕೊಯ್ದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಜ್ಜಿ, ಗಾಜಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಕ್ರಮ. ಕೊಯ್ಯುವಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಆ ಸದ್ದು ಕೇಳಲಾರದೆ ಕಾಫಿ ಕುಡಿಯುವ ನೆಪ ಮಾಡಿ ಎದ್ದು ಹೋದೆ. ಉಳಿದ ಅರ್ಧ ಕಲ್ಲಿಗೆ ನಂಬರು ಬರೆದು, ‘ಕೆಂಚನಹುಂಡಿ, ಕೋಟೆ ತಾಲ್ಲೂಕು’ ಎಂದು ಚೀಟಿ ಅಂಟಿಸಿದವನು ನಾನೇ.

ಮಾರ್ಲಾಮಿ ಬಂತು, ಹೋಯಿತು. ಮುಂದಿನ ಸಲ ಕೋಟೆಗೆ ಹೋದಾಗ ರಾಚಮ್ಮ ಮುಸಾಫಿರಖಾನೆಯ ಮೆಟ್ಟಿಲ ಕೆಳಗೆ ಸಿದ್ಧವಾಗಿದ್ದಳು. ಮಡಿಲಲ್ಲಿ ನನಗೆಂದು ಒಂದಿಷ್ಟು ನೆಲಗಡಲೆ ತಂದಿದ್ದಳು.

“ಈ ಸಲ ಎಡೆ ಇಡಕ್ಕೆ ಜಾಗಾನೇ ಇರ್ನಿಲ್ಲ ಬುದ್ದಿ. ಎಲೆ ಇಡ್ಕಂಡು ಗುಡ್ಡೆ ಸುತ್ತಾ ಸುತ್ತಿ ಮನೆಗೆ ತಕ್ಕಂಡೋದೆ. ನಮ್ಮತ್ತೆ ಅತ್ತೂ ಅತ್ತೂ ಸಾಕಾದ್ಲು. ಇನ್ನೂ ನೋಡಾಗ್ಲಿಲ್ವಾ?”

“ಇನ್ನೂ ಸ್ವಲ್ಪ ಇದೆ ಕಣಮ್ಮ.”

ನೆಲಗಡಲೆಯನ್ನು ಬೇಡ ಎನ್ನಲಾಗಲಿಲ್ಲ. ತಿನ್ನಲೂ ಆಗಲಿಲ್ಲ.

ಇದಕ್ಕಿಂತ ಹೇಸಿಗೆಯ ಕೆಲಸ ಆಮೇಲೆ ಮಾಡಿದೆ. ಸಾಹೇಬರು ಕೆಂಚನಹುಂಡಿಯ ಹೊಲಗಳಲ್ಲಿ ಗುಂಡಿ ತೋಡಿಸಿದರು, ಕಡಲ ನೈದಿಲೆಯ ಇನ್ನಷ್ಟು ಕಲ್ಲು ಸಿಗಬಹುದೆಂದು. ಕೂಲಿಗೆ ಆ ಊರವರೇ ಬಂದರು, ರಾಚಮ್ಮನೂ ಬಂದಳು. ತಾನೇ ಹೊತ್ತು ತಂದ ಕಲ್ಲಿನ ಜತೆಯನ್ನು ಹುಡುಕಲು ತಾನೇ ಮಣ್ಣು ಹೊರುತ್ತಿದ್ದಾಳೆ, ಪಾಪ, ಅದು ಆಕೆಗೆ ಗೊತ್ತಿಲ್ಲ. “ಏನು ಬುದ್ದಿ ಉಡುಕ್ತಾ ಇರೋದು?” ಎಂದು ಕೇಳಿದಾಗ “ಚಿನ್ನದ ಅದಿರು” ಎಂದೆ. ಎಲ್ಲಿ ಸಾಹೇಬರ ಜತೆ ಮಾತಿಗೆ ನಿಲ್ಲುತ್ತಾಳೋ ಎಂದು ಆಕೆಯನ್ನು ಅತ್ಯಂತ ದೂರದ ಗುಂಡಿಗೇ ಹಾಕುತ್ತಿದ್ದೆ. ಒಂದು ದಿನ ಸಾಹೇಬರೇ ಆಕೆಯನ್ನು ತೋರಿಸಿ, “ಆ ಹೆಂಗಸು ನನ್ನ ಹತ್ತಿರ ಏನೋ ಹೇಳಬೇಕು ಅನ್ನೋ ಹಾಗೆ ನೋಡ್ತಾಳಲ್ಲಯ್ಯಾ?” ಎಂದರು. “ಕೂಲಿ ಜನ ಸಾರ್, ಹಾಗೇ ನೋಡ್ತಾರೆ” ಎಂದೆ. ಎರಡು ಬೇಸಗೆ ತೋಡಿದರೂ ಕಗ್ಗಲ್ಲಲ್ಲದೆ ಬೇರೇನೂ ಬರಲಿಲ್ಲ.

ಆದರೂ ಸಾಹೇಬರು ಲೇಖನ ಬರೆದು, ಕಲ್ಲಿನ ಫೋಟೋ ಜತೆಗಿಟ್ಟು ಕಲ್ಕತ್ತೆಗೆ ಕಳಿಸಿದರು. ಅಲ್ಲಿಯ ಒಬ್ಬ ಪಂಡಿತರಿಂದ ಉತ್ತರ ಬಂತು. ಅದನ್ನು ಒಡೆದು ಮೇಜಿನ ಮೇಲಿಟ್ಟವನು ನಾನೇ. ಈ ಕಲ್ಲು ತಿರುಚಿನಾಪಳ್ಳಿಯ ಸೀಮೆಯದು, ಅದರಲ್ಲಿ ಅನುಮಾನವೇ ಇಲ್ಲ. ಇದು ಮೈಸೂರಿನ ಹೊಲಕ್ಕೆ ತಾನಾಗಿ ಬರಲಾರದು, ಯಾರೋ ತಂದು ಹಾಕಿದ್ದಾರೆ ಎಂದು ಬರೆದಿದ್ದರು. ಯಾರು ಎಂದು ಬರೆದಿರಲಿಲ್ಲ. ಅದನ್ನು ಉಳಿದವರು ತುಂಬಿಕೊಂಡರು. ಹೆಸರು ಮಾಡುವ ಆಸೆಗೆ ಸುಬ್ಬನರಸಿಂಹಯ್ಯನೇ ಹಾಕಿ ತಾನೇ ಎತ್ತಿಕೊಂಡ ಎಂದು ಮೊಗಸಾಲೆಯಲ್ಲಿ ಆಡಿಕೊಂಡು ನಕ್ಕರು.

ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ನಂಜುಂಡಸ್ವಾಮಿ, ಆವತ್ತು ನೀನು ಊರವರನ್ನ ಕೇಳಿದೆ ತಾನೆ?”

“ಕೇಳಿದೆ ಸಾರ್.”

“ಹೊಲದ ಕಲ್ಲು ಅಂದ್ರು ತಾನೆ?”

“ಅಂದ್ರು ಸಾರ್.”

“ಸರಿ ಹಾಗಾದ್ರೆ. ನಾನು ಬಿಟ್ಟುಕೊಡೋದಿಲ್ಲ” ಎಂದರು.

ಬಿಟ್ಟುಕೊಡಲಿಲ್ಲ. ತಪ್ಪಾಯಿತೆಂದು ಒಂದು ಸಾಲು ಬರೆದಿದ್ದರೆ ಎಲ್ಲರೂ ಮರೆತುಬಿಡುತ್ತಿದ್ದರು. ನನ್ನ ಮಾತನ್ನು ನಂಬಿ ಒಬ್ಬರೇ ಎಲ್ಲರ ಮೇಲೆ ವಾದಕ್ಕೆ ನಿಂತರು. ವರ್ಷ ತುಂಬುವುದರೊಳಗೆ ಕೆಲಸ ಬಿಡಬೇಕಾಯಿತು. ಕೃಷ್ಣರಾಜನಗರದ ಕಡೆ ಹೊಸ ಅಗ್ರಹಾರದಲ್ಲಿ ಹೆಂಡತಿಯ ತವರು. ಅಲ್ಲಿಗೆ ಹೋಗಿ ನೆಲೆಸಿದರು. ನಾನು ಒಂದು ಸಲ ನೋಡಲು ಹೋದೆ, ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಗೋಡೆಯ ಮೇಲೆ ಕೋಟೆ ತಾಲ್ಲೂಕಿನ ನಕ್ಷೆ, ಅದರಲ್ಲಿ ನೀಲಿ ಪೆನ್ಸಿಲಿನಿಂದ ಬರೆದ ಸಮುದ್ರ. “ಇನ್ನೂ ಸ್ವಲ್ಪ ಆಳಕ್ಕೆ ತೋಡಬೇಕಾಗಿತ್ತು ಕಣಯ್ಯಾ” ಎಂದರು. ಅವರ ಮನೆಯಾಕೆ ಅವಲಕ್ಕಿ ತಂದಿಟ್ಟರು. ನಾನು ಅವಲಕ್ಕಿ ತಿಂದು ಬಾಯಿ ಒರೆಸಿಕೊಂಡು ವಾಪಸು ಬಂದೆ. ಮರುವರ್ಷ ಅವರು ಹೋದರೆಂದು ಕಾಗದ ಬಂತು.

ಅಲ್ಲಿಗೆ ಒಂದು ದಾರಿ ಮುಚ್ಚಿತು. ರಾಚಮ್ಮ ಉಳಿದಳು. ನಾನು ಕೋಟೆಗೆ ಹೋದಾಗಲೆಲ್ಲ ಆಕೆ ಬರುವಳು, ನಾನು ಇನ್ನೂ ಸ್ವಲ್ಪ ಇದೆ ಎನ್ನುವೆನು. ಆಕೆ ಒಂದು ಸಲವೂ ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆಕೆಯ ಅತ್ತೆ ತೀರಿಕೊಂಡಳು. ಮಗನಿಗೆ ಎಡೆ ಇಡಲಾಗದ ಕೊರಗಿನಲ್ಲೇ ಹೋದಳಂತೆ. ಅದನ್ನೂ ರಾಚಮ್ಮ ದೂರಾಗಿ ಹೇಳಲಿಲ್ಲ. ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

ಎಂಟು ವರ್ಷವಾಯಿತು. ಒಂದು ದಿನ ಇನ್ನು ತಡೆಯಲಾಗದೆ, ಉಳಿದ ಅರ್ಧ ಕಲ್ಲನ್ನಾದರೂ ತೆಗೆದುಕೊಂಡು ಹೋಗೋಣವೆಂದು ಉಗ್ರಾಣಕ್ಕೆ ಹೋದೆ. ಉಗ್ರಾಣದ ನಿಂಗರಾಜು ನನ್ನ ಮುಖ ನೋಡಿದ.

“ಆ ಕಲ್ಲಾ? ಅದು ಸುಳ್ಳು ಜಾಗದ್ದು ಅಂತ ಆವಾಗಲೇ ಪಟ್ಟಿಯಿಂದ ತೆಗೆದು ಎಸೆದುಬಿಟ್ರಲ್ಲ ಸ್ವಾಮಿ. ಗಾಜಿನ ಬಿಲ್ಲೆಗಳನ್ನೂ ಎಸೆದ್ರು. ಗೇಟಿಂದ ಮೆಟ್ಟಿಲತನಕ ಹೊಸ ದಾರಿ ಮಾಡಿದ್ರು ನೋಡಿ, ಬೇಡದ ಕಲ್ಲೆಲ್ಲ ಅದರ ತಳಕ್ಕೆ ಸುರಿದು ಗುದ್ದಿದ್ರು.”

ಆ ದಾರಿಯಲ್ಲಿ ನಾನು ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದೆ. ಅಯ್ಯೋ ಶಿವನೇ ಎಂದು ಅಲ್ಲೇ ಕುಳಿತೆ.

ನಿಂಗರಾಜು ಆಚೆ ಹೋದಾಗ ನನ್ನ ಕಣ್ಣು ಗಾಜಿನ ಬೀರುವಿನ ಮೇಲೆ ಬಿತ್ತು. ಓದುವ ಹುಡುಗರಿಗೆ ತೋರಿಸಲೆಂದು ಇಂಗ್ಲೆಂಡಿನಿಂದ ತರಿಸಿದ ಕಲ್ಲುಗಳು ಅದರಲ್ಲಿದ್ದವು. ಒಂದು ಕಡಲ ನೈದಿಲೆಯೂ ಇತ್ತು. ಅದೇ ಬೂದು ಬಣ್ಣ, ಅದೇ ಹಿಡಿಗಾತ್ರ, ಅದೇ ಐದು ಎಸಳು. ನಾನು ಅದನ್ನು ಕದ್ದೆ. ಚೀಟಿ ಕೆರೆದು ತೆಗೆದೆ, ಬಿಸಿನೀರಲ್ಲಿ ತೊಳೆದು ಗೋಂದಿನ ಗುರುತನ್ನೂ ಬಿಡಿಸಿದೆ. ಮಾರನೆಯ ದಿನವೇ ರಜೆ ಹಾಕಿ ಬಸ್ಸು ಹತ್ತಿದೆ.

ಕೆಂಚನಹುಂಡಿಯಲ್ಲಿ ರಾಚಮ್ಮ ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಮೊರ ಬಿಟ್ಟು ಎದ್ದು ಬಂದಳು. ನಾನು ಕರವಸ್ತ್ರ ಬಿಚ್ಚಿ ಕಲ್ಲನ್ನು ಆಕೆಯ ಕೈಗಿಟ್ಟೆ. ಆಕೆ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಹಾಗೇ ಸ್ವಲ್ಪ ಹೊತ್ತು ತೂಗಿ ನೋಡುತ್ತಾ ನಿಂತಳು. ಹೆಬ್ಬೆರಳಿನಿಂದ ಅದರ ಬೆನ್ನು ಸವರಿದಳು.

“ಬುದ್ದಿ, ಇವ್ರು ನಮ್ಮೋರಲ್ಲ.”

“ಅದೇ ಕಣಮ್ಮ. ತೊಳೆದಿದ್ದೀವಿ, ಅದಕ್ಕೆ ಹಾಗೆ ಕಾಣುತ್ತೆ” ಎಂದೆ. ಥೂ, ಇನ್ನೂ ಸುಳ್ಳು!

“ಇಲ್ಲ ಬುದ್ದಿ. ಅದ್ನೈದು ದಿನ ಸೊಂಟಕ್ಕೆ ಕಟ್ಕಂಡು ನಡ್ದೀವ್ನಿ. ನಂಗೊತ್ತಾಗಕಿಲ್ವಾ? ಇದ್ಯಾವೂರ್ದು?”

“ಇಂಗ್ಲೆಂಡಿನದು” ಎಂದೆ.

ಆಕೆ ಕಲ್ಲನ್ನು ತನ್ನ ಸೆರಗಿನಲ್ಲಿ ಒರೆಸಿ, ನನ್ನ ಕರವಸ್ತ್ರದಲ್ಲೇ ಮತ್ತೆ ಕಟ್ಟಿ ನನ್ನ ಕೈಗೆ ಕೊಟ್ಟಳು.

“ಅಲ್ಲೀಗೇ ಕಳಿಸ್ಬುಡಿ ಬುದ್ದಿ. ಅಷ್ಟು ದೂರ್ದೋರು ಯಾರೋ ಏನೋ. ಅವ್ರ ಮನೇಲೂ ಎಲೆ ಇಡ್ಕಂಡು ಯಾರೋ ಕಾಯ್ತಾ ಕುಂತಿರ್ತಾರೆ.”

ನಾನು ಅಲ್ಲೇ ಜಗಲಿಯ ಮೇಲೆ ಕುಳಿತು ಅತ್ತುಬಿಟ್ಟೆ. ಬೇಲಿಯ ಮರೆಯಿಂದ ಹಿಡಿದು ಉಗ್ರಾಣದವರೆಗೆ ಒಂದೂ ಬಿಡದೆ ಹೇಳಿದೆ. ಗರಗಸದ್ದನ್ನೂ ಹೇಳಿದೆ. ಚಿನ್ನದ ಅದಿರಿನ ಸುಳ್ಳಿನ ವಿಷಯ ಹೇಳುವಾಗ ಆಕೆ ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ಮಿಕ್ಕಂತೆ ನೆಲ ನೋಡುತ್ತಾ ಕೇಳಿದಳು.

“ಆ ದಾರಿ ಎಲ್ಲೈತೆ?” ಎಂದಷ್ಟೇ ಕೇಳಿದಳು.

ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಯಾವ ಬೀದಿ, ಕಚೇರಿಯ ಗೇಟು ಯಾವ ಬಣ್ಣದ್ದು, ಎಲ್ಲ ಹೇಳಿದೆ. ಆಕೆ ಮತ್ತೆ ಮೊರ ತೆಗೆದುಕೊಂಡಳು. ಇಂಗ್ಲೆಂಡಿನ ಕಲ್ಲನ್ನು ನಾನು ಬೀರುವಿನಲ್ಲಿ ಇದ್ದಲ್ಲಿಗೇ ಇಟ್ಟೆ.

ಆ ವರ್ಷದ ಮಾರ್ಲಾಮಿಯ ದಿನ, ಕಚೇರಿಗೆ ರಜೆಯಿರಲಿಲ್ಲ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊರಗೆ ಗದ್ದಲ ಕೇಳಿಸಿತು. ಕಿಟಕಿಯಿಂದ ನೋಡಿದೆ. ಗೇಟಿನ ಒಳಗೆ, ದಾರಿಯ ನಟ್ಟನಡುವೆ ರಾಚಮ್ಮ ಕುಳಿತಿದ್ದಳು. ಮುಂದೆ ಬಾಳೆಯೆಲೆ, ಅದರಲ್ಲಿ ಮುದ್ದೆ, ಅನ್ನ, ಅವರೆಕಾಳಿನ ಸಾರು, ಒಂದು ಎಲೆಯಡಿಕೆ, ಎರಡು ಬೀಡಿ. ಕಚೇರಿಯ ಜವಾನ ಮಹದೇವಯ್ಯ ಆಕೆಯ ತಲೆಯ ಮೇಲೆ ನಿಂತು ಕೂಗಾಡುತ್ತಿದ್ದ.

“ಏಯ್, ಎದ್ದೇಳಮ್ಮ! ದೊಡ್ಡೋರು ಬರೋ ಹೊತ್ತು. ಇದೇನು ಸ್ಮಶಾನ ಅಂದ್ಕೊಂಡ್ಯಾ?”

ಒಳಗಿದ್ದ ಗುಮಾಸ್ತರೆಲ್ಲ ಮೊಗಸಾಲೆಗೆ ಬಂದು ನಗುತ್ತಾ ನೋಡುತ್ತಿದ್ದರು. ರಾಚಮ್ಮ ತಲೆ ಎತ್ತಲಿಲ್ಲ. ನನ್ನ ಹೆಸರು ಹೇಳಿದ್ದರೆ ಮಹದೇವಯ್ಯ ಸುಮ್ಮನಾಗುತ್ತಿದ್ದ, ಹೇಳಲಿಲ್ಲ. ನಾನು ಕಿಟಕಿ ಮುಚ್ಚಿ ಕುಳಿತುಬಿಡಬಹುದಿತ್ತು. ಅದು ನನಗೆ ಚೆನ್ನಾಗಿ ಬರುವ ಕೆಲಸ. ಆವತ್ತು ಯಾಕೋ ಕಾಲು ತಾನಾಗಿ ಎದ್ದಿತು. ಮೆಟ್ಟಿಲಿಳಿದು ಓಡಿದೆ. ಎಲ್ಲರಿಗೂ ಕೇಳಿಸುವಂತೆ ಕೂಗಿದೆ.

“ಯಾರೂ ಆಕೆಯನ್ನ ಮುಟ್ಟಬೇಡಿ! ಆಕೆಯ ಗಂಡ ಈ ದಾರಿಯ ಕೆಳಗಿದ್ದಾನೆ. ಕೆಂಚನಹುಂಡಿಯ ಕಲ್ಲು ಅದು. ಸಾಹೇಬರು ಹಾಕಿದ್ದಲ್ಲ, ಈಕೆ ತಿರುಚಿನಾಪಳ್ಳಿಯಿಂದ ತಂದದ್ದು. ನಾನು ಯಾರನ್ನೂ ಕೇಳದೆ ಸುಳ್ಳು ಬರೆದೆ. ಸುಬ್ಬನರಸಿಂಹಯ್ಯನವರ ತಪ್ಪು ಏನೇನೂ ಇಲ್ಲ. ಮಾಡಿದವನು ನಾನು!”

ಮೊಗಸಾಲೆಯ ನಗು ನಿಂತಿತು. ಮಹದೇವಯ್ಯ ಹಿಂದೆ ಸರಿದ. ನಾನು ಏದುಸಿರು ಬಿಡುತ್ತಾ ನಿಂತಿದ್ದೆ. ಎಂಟು ವರ್ಷದ ಮೇಲೆ ಎಲ್ಲರೆದುರು ನಿಜ ಹೇಳಿದ್ದೇನೆ, ಆಕೆ ಏನಾದರೂ ಅಂದಾಳು, ಹೋಗಲಿ ಬುಡಿ ಬುದ್ದಿ ಎಂದಾಳು ಎಂದು ಆಕೆಯ ಮುಖವನ್ನೇ ನೋಡಿದೆ.

ರಾಚಮ್ಮ ಎಲೆಯ ಮುಂದೆ ನೀರು ಚಿಮುಕಿಸುತ್ತಿದ್ದವಳು ಕೈ ತಡೆದು ನನ್ನ ಕಾಲಿನ ಕಡೆ ನೋಡಿದಳು.

“ವಸಿ ಸರ್ಕಳಿ ಬುದ್ದಿ” ಎಂದಳು. “ಅವ್ರ ಮ್ಯಾಲೇ ನಿಂತಿದ್ದೀರಿ.”

ನಾನು ಸರಿದು ನಿಂತೆ.